ತುರಿನ್ ಸೆರೆಮನೆಯ ಮಕ್ಕಳು ಮತ್ತು ಸಂತ ಜಾನ್ ಬಾಸ್ಕೊ

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲಿ ಒಂದೆಂದು ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡದ ಕಥೋಲಿಕರು ವಿರಳ. ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ಕಾರ್ಯ ನಮ್ಮಿಂದ ಹೇಗೋ ನಡೆದುಬಂದಿದೆ. ಸೆರೆಮನೆಯ ಬಾಗಿಲಿಗೆ ಮಾತ್ರ ನಾವು ಹೋಗುವುದು ಅಪರೂಪ. ಕಳ್ಳನಿಗೇಕೆ ಕನಿಕರ ಎಂಬ ಮಾತು ಭಕ್ತರ ಬಾಯಲ್ಲೂ ಬರುವುದುಂಟು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ದೇವಾಲಯದ ಗೋಡೆ ಗೋಪುರಗಳ ಚರಿತ್ರೆಯನ್ನು ಬಲ್ಲವರು ಬರೆದಿರುವುದರಿಂದ, ವಾಚಕರನ್ನು ನಾವು ಬೇರೆ ಬಗೆಯ ಕಟ್ಟಡಗಳತ್ತ, ಇಟಲಿಯ ತುರಿನ್ ನಗರದ ಕಾರಾಗೃಹಗಳತ್ತ, ಕರೆದೊಯ್ಯಬಯಸುತ್ತೇವೆ.

ಜಾನ್ ಬಾಸ್ಕೊ ಗುರುದೀಕ್ಷೆ ಪಡೆದದ್ದು 1841ರ ಜೂನ್ 5ರಂದು. ಆ ವರ್ಷವೇ ಅವರು ಕಿರಿಯ ಗುರುಗಳ ಹೆಚ್ಚಿನ ವ್ಯಾಸಂಗಕ್ಕೆಂದು ತುರಿನ್ನಿನಲ್ಲಿದ್ದ ಗುರುನಿವಾಸವನ್ನು ಸೇರಿದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಸ್ವಂತ ಊರಿನ ಕಡೆಯವರೇ ಆದ ಡಾನ್ ಜೋಸೆಫ್ ಕಫಾಸ್ಸೊ. ಮರಣದಂಡನೆಗೆ ಗುರಿಯಾದವರ ಜೊತೆ ಗಲ್ಲುಗಂಬದವರೆಗೂ ನಡೆದುಹೋಗುತ್ತಿದ್ದ ಈ ಪುಣ್ಯಪುರುಷರನ್ನು ತಿರುಸಭೆಯು 1947ರಲ್ಲಿ ಸಂತರ ಸಾಲಿಗೆ ಸೇರಿಸಿತು. ಕೈದಿಗಳನ್ನು ಕಾಣಲು ಹೋಗುವಾಗ ಉಪದೇಶದೊಡನೆ ರೊಟ್ಟಿ, ಹೊಗೆಸೊಪ್ಪುಗಳನ್ನೂ ಅವರು ಒಯ್ಯುತ್ತಿದ್ದರಂತೆ. ಹೊಗೆಸೊಪ್ಪಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಏನೇ ಇರಲಿ, ಬರಿಗೈಯಲ್ಲಿ ಹೋದ ಉಪದೇಶಕನ ಮಾತು ಅಲ್ಲಿ ನಾಟುವುದಿಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ಅವರೇ ತಮ್ಮ ಶಿಷ್ಯನನ್ನು ಸೆರೆಮನೆಯೊಳಕ್ಕೆ ಕರೆದೊಯ್ದರು.

ಅಲ್ಲಿ ಡಾನ್ ಬಾಸ್ಕೊ ಕಂಡದ್ದೇನು? ಹನ್ನೆರಡರಿಂದ ಹದಿನೆಂಟು ವಯಸ್ಸಿನ ಹುಡುಗರ ದೊಡ್ಡ ಗುಂಪು. ಗಟ್ಟಿಮುಟ್ಟಾದವರು, ಚುರುಕು ಬುದ್ಧಿಯವರು; ಆದರೆ ಮಾಡಲು ಕೆಲಸವಿಲ್ಲ, ಹೊಟ್ಟೆಗೆ ಸಾಲದು, ಮೈಗೆ ಹುಳುಗಳ ಕಾಟ. ಕೈಗಾರಿಕೆಗಳು ತಲೆಯೆತ್ತುತ್ತಿದ್ದ ಆ ದಿನಗಳಲ್ಲಿ ಸುತ್ತಣ ಹಳ್ಳಿಗಳಿಂದ ಗಾರೆಕೆಲಸಕ್ಕೂ ಹೊಗೆಗೂಡುಗಳ ಮಸಿ ತೆಗೆಯುವುದಕ್ಕೂ ಬಂದು, ಹೇಳುವವರು ಕೇಳುವವರಿಲ್ಲದೆ ಬೀದಿಪಾಲಾದ ಮಕ್ಕಳು ನಗರದ ತುಂಬ ಇದ್ದರು. ಆದರೆ ಆ ಯುವಗುರುವಿನ ಮನಸ್ಸನ್ನು ಇರಿದದ್ದು ಈ ದುರವಸ್ಥೆಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಇನ್ನು ಮುಂದೆ ಒಳ್ಳೆಯವನಾಗಿ ಬಾಳುತ್ತೇನೆಂದು ದೃಢಸಂಕಲ್ಪ ಮಾಡಿ ಬಿಡುಗಡೆಯಾದ ಹುಡುಗನು ಕೆಲವೇ ದಿನಗಳಲ್ಲಿ ಅದೇ ಬಾಗಿಲಿನಿಂದ ಒಳಗೆ ಬರುತ್ತಿದ್ದ. ಏಕೆಂದರೆ ಹೊರಗೆ ಅವನಿಗೆ ಯಾರೂ ಇರಲಿಲ್ಲ. ಹಬ್ಬದ ದಿನಗಳಲ್ಲಾದರೂ ಕೈಹಿಡಿದು ನಡೆಸುವ ಸ್ನೇಹಿತನೊಬ್ಬ ಹೊರಗಿದ್ದಿದ್ದರೆ ಇವರಲ್ಲಿ ಅನೇಕರು ಇಲ್ಲಿಗೆ ಬರುತ್ತಿರಲಿಲ್ಲವಲ್ಲ ಎಂದು ಅವರು ಚಿಂತಿಸಿದರು. ಸಂತರ ಜೀವನಕಾರ್ಯವೆಲ್ಲವೂ ಈ ಚಿಂತೆಯಿಂದಲೇ ಹುಟ್ಟಿತೆಂದು ನಾವು ಹೇಳಬಲ್ಲೆವು. 1841ರ ಡಿಸೆಂಬರ್ 8ರ ಅಮಲೋದ್ಭವಿ ಮಾತೆಯ ಹಬ್ಬದಂದು ಒಬ್ಬ ಅನಾಥ ಹುಡುಗನಿಂದ ಆರಂಭವಾದ ಕೂಟವು ಬೆಳೆದು, ಊರೂರು ಅಲೆದು, 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿನ ಒಂದು ಕೊಟ್ಟಿಗೆಯಲ್ಲಿ ನೆಲೆಯೂರಿತು.

ಇತ್ತ ಸರ್ಕಾರವು 1845ರಲ್ಲಿ ಬಾಲಾಪರಾಧಿಗಳಿಗಾಗಿಯೇ ‘ಜೆನೆರಾಲಾ’ ಎಂಬ ಸುಧಾರಣಾಗೃಹವನ್ನು ತೆರೆಯಿತು. ಡಾನ್ ಬಾಸ್ಕೊ ಅಲ್ಲಿಗೂ ಹೋಗುತ್ತಿದ್ದರು. 1855ರಲ್ಲಿ ಅಲ್ಲಿನ ಹುಡುಗರಿಗೆ ಧ್ಯಾನವನ್ನು ನಡೆಸಿಕೊಟ್ಟು, ಅದರ ಕೊನೆಗೆ ಸುಮಾರು 300 ಮಂದಿಯನ್ನು ಕಾವಲುಗಾರರಿಲ್ಲದೆ ಸ್ತುಪಿನಿಜಿಯ ಅರಮನೆಯ ಕಡೆಗೆ ಇಡೀ ದಿನದ ವಿಹಾರಕ್ಕೆ ಕರೆದೊಯ್ದರೆಂದೂ, ಸಂಜೆ ಒಬ್ಬನೂ ತಪ್ಪದೆ ಎಲ್ಲರೂ ಹಿಂದಿರುಗಿದರೆಂದೂ ಸಲೇಸಿಯನ್ ಪರಂಪರೆ ಹೇಳುತ್ತದೆ. ಅನುಮತಿಯಿತ್ತವರು ಸಚಿವ ರತ್ತಾತ್ಸಿ. ಅದೇ ವರ್ಷ ಮಠಗಳನ್ನು ರದ್ದುಪಡಿಸುವ ಕಾನೂನನ್ನು ತಂದವರೂ ಇವರೇ! ಈ ವೃತ್ತಾಂತದ ವಿವರಗಳನ್ನು ಕೆಲವು ವಿದ್ವಾಂಸರು ಪ್ರಶ್ನಿಸಿದ್ದಾರೆ. ಅದು ಹಾಗಿರಲಿ, ಸಂತರ ಹಿರಿಮೆ ಈ ಒಂದು ದಿನದ ಮೇಲೆ ನಿಂತಿಲ್ಲ.

ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಅಮೂಲ್ಯವಾದುದು 1852ರ ಫೆಬ್ರವರಿ 8ರ ತಾರೀಖು ಹೊತ್ತ ಒಂದು ಛಾಪಾ ಕಾಗದ. ಒಬ್ಬ ಹುಡುಗನನ್ನು ಬಡಗಿ ಕೆಲಸ ಕಲಿಯಲು ಯಜಮಾನನ ಬಳಿ ಬಿಡುವ ಕರಾರುಪತ್ರ ಅದು. ಯಜಮಾನನು ತಂದೆಯಂತೆ ನಡೆದುಕೊಳ್ಳಬೇಕು. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈಮಾಡಕೂಡದು. ಕಸುಬಿಗೆ ಸಂಬಂಧಿಸದ ಕೆಲಸಗಳಿಗೆ ಬಳಸಕೂಡದು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ಇದಕ್ಕೆ ಡಾನ್ ಬಾಸ್ಕೊ ರುಜು ಹಾಕಿದ್ದಾರೆ. ಏಟಿನಿಂದಲೇ ಕಸುಬು ಬರುತ್ತದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಒಬ್ಬ ಧರ್ಮಗುರು ಒಬ್ಬ ಬಡ ಹುಡುಗನ ಪರವಾಗಿ ಷರತ್ತುಗಳನ್ನು ಬರೆಯಿಸಿದರೆಂಬುದನ್ನು ಗಮನಿಸಬೇಕು. ಮರುವರ್ಷದಿಂದ ಅವರ ಮನೆಯಲ್ಲಿಯೇ ಚಮ್ಮಾರಿಕೆ, ದರ್ಜಿ ಕೆಲಸ, ಪುಸ್ತಕಗಳ ರಟ್ಟು ಕಟ್ಟುವುದು, ಮುಂದೆ ಮುದ್ರಣ, ಹೀಗೆ ಕಾರ್ಯಾಗಾರಗಳು ಒಂದೊಂದಾಗಿ ತೆರೆದವು. 1859ರಲ್ಲಿ ಸಲೇಸಿಯನ್ ಸಭೆ ರೂಪುಗೊಂಡಿತು. ವಿವೇಕ, ಧರ್ಮ, ವಾತ್ಸಲ್ಯಗಳನ್ನು ಆಧರಿಸಿದ ತಮ್ಮ ಶಿಕ್ಷಣಕ್ರಮವನ್ನು ಅವರು 1877ರಲ್ಲಿ ಬರಹಕ್ಕಿಳಿಸಿದರು. 1888ರ ಜನವರಿ 31ರಂದು ದೈವಾಧೀನರಾದ ಅವರನ್ನು 1934ರಲ್ಲಿ ಜಗದ್ಗುರು ಹನ್ನೊಂದನೆಯ ಭಕ್ತಿನಾಥರು ಸಂತರೆಂದು ಘೋಷಿಸಿದರು.

1906ರಲ್ಲಿ ತಂಜಾವೂರಿಗೆ ಬಂದಿಳಿದ ಅವರ ಶಿಷ್ಯವರ್ಗವು ಬೆಂಗಳೂರಿನಲ್ಲಿ 1980ರಲ್ಲಿ ‘ಬೆಂಗಳೂರು ಓಣಿಯವರ ಸೇವಾ ಕೂಟ’ವನ್ನು ಆರಂಭಿಸಿತು. ‘ಬಾಸ್ಕೊ’ ಎಂದೇ ಪ್ರಸಿದ್ಧವಾದ ಈ ಕೂಟದ ಕಾರ್ಯಕರ್ತರು ಮನೆ ಬಿಟ್ಟು ಬಂದ ಮಕ್ಕಳನ್ನು ಬೀದಿಗಳಲ್ಲಿ, ರೈಲು ನಿಲ್ದಾಣದಲ್ಲಿ ಹುಡುಕಿ ಮಾತಾಡಿಸಿದರು; ಅಂದರೆ ಪೊಲೀಸರಿಗಿಂತ ಮೊದಲೇ ಅವರನ್ನು ಮುಟ್ಟಲು ಯತ್ನಿಸಿದರು. ದೇಶದ ಕಾನೂನು ಬದಲಾಗಲು ಬಹುಕಾಲ ಹಿಡಿಯಿತು. ಮಕ್ಕಳನ್ನು ಜೈಲುಗಳಲ್ಲಿ ಇಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಶೀಲಾ ಬರ್ಸೆಯವರು ಹೂಡಿದ ದಾವೆಯಲ್ಲಿ ಕಟುವಾಗಿ ನುಡಿಯಿತು. ಬಾಲನ್ಯಾಯ ಕಾಯಿದೆಯೂ ಅದೇ ವರ್ಷ ಬಂದಿತು. 2015ರ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಅವರ ಪ್ರಕರಣವನ್ನು ವಿಚಾರಿಸುವ ಮಂಡಳಿಯಲ್ಲಿ ಒಬ್ಬ ನ್ಯಾಯಾಧೀಶರೊಡನೆ ಇಬ್ಬರು ಸಮಾಜಸೇವಕರು ಕೂಡುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಹದಿನೆಂಟು ದಾಟಿ ಸಂಸ್ಥೆಯಿಂದ ಹೊರಬರುವ ತರುಣನಿಗೆ ಬದುಕು ಕಟ್ಟಿಕೊಳ್ಳಲು ಧನಸಹಾಯ ನೀಡಬಹುದೆಂದೂ ಅದೇ ಕಾಯಿದೆಯಲ್ಲಿದೆ. ಆದರೆ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಬಡಗಿಯನ್ನೋ ದರ್ಜಿಯನ್ನೋ ಹುಡುಕುವ ಕಾರ್ಯವು ಇಂದಿಗೂ 1852ರಲ್ಲಿ ಇದ್ದಂತೆಯೇ ಮನೆಯಿಂದ ಮನೆಗೆ ಹೋಗಿ ಕೇಳುವ ಕಾರ್ಯವಾಗಿಯೇ ಉಳಿದಿದೆ.