ಬೆರಳಿನ ಹಿಂದೆ ಬರುವ ಗೆರೆ: ಸಿಂಪ್ಯೂಟರ್‌ನಿಂದ ಟ್ಯಾಬ್ಲೆಟ್‌ವರೆಗೆ

ಸ್ಪರ್ಶಪರದೆಯ ಚುರುಕನ್ನು ಅಳೆಯುವುದು ಮಿಲಿಸೆಕೆಂಡುಗಳಲ್ಲಿ: ಬೆರಳು ತಾಕಿದ ಕ್ಷಣದಿಂದ ಅದರ ಫಲ ಕಣ್ಣಿಗೆ ಬೀಳುವವರೆಗಿನ ಅವಧಿ. ಸೆಕೆಂಡಿಗೆ 30 ಸೆಂ.ಮೀ. ವೇಗದಲ್ಲಿ ಬೆರಳು ಎಳೆದಾಗ ವಿಳಂಬ 100 ಮಿಲಿಸೆಕೆಂಡ್ ಇದ್ದರೆ ಗೆರೆ 3 ಸೆಂ.ಮೀ. ಹಿಂದೆ ಬೀಳುತ್ತದೆ. ‘ಠ’ ಬರೆದು ನೋಡಿದರೆ ಇನ್ನೊಂದು ದೋಷವೂ ಬಯಲಾಗುತ್ತದೆ. ಬೆರಳಿನ ಸ್ಥಾನವನ್ನು ಅಪರೂಪಕ್ಕೊಮ್ಮೆ ಓದುವ ಪರದೆಯಲ್ಲಿ ದುಂಡಗಿನ ಅಕ್ಷರ ಮೂಲೆ ಮೂಲೆಯಾಗಿ ಮೂಡುತ್ತದೆ.

ಬೆಂಗಳೂರಿನ ಮಟ್ಟಿಗೆ ಈ ಕಥೆ ಸಿಂಪ್ಯೂಟರ್‌ನಿಂದ ಶುರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ರೂಪಿಸಿದ ಈ ಅಂಗೈ ಗಣಕದ ಮಾದರಿ 2001ರಲ್ಲಿ ಹೊರಬಂತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ತಯಾರಕರು ಪೀಣ್ಯದ ಮಗ್ಗುಲಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಒಳಗಿದ್ದದ್ದು ಲಿನಕ್ಸ್ ಮತ್ತು 206 ಮೆಗಾಹರ್ಟ್ಸ್ ಪ್ರೊಸೆಸರ್. ಪರದೆ 320×240 ಚುಕ್ಕಿಗಳದು. ಅದು ರೆಸಿಸ್ಟಿವ್ ಪರದೆ. ಅಂಥದರಲ್ಲಿ ಎರಡು ವಾಹಕ ಪದರಗಳು ಒತ್ತಿದಾಗ ಮಾತ್ರ ಕೂಡುತ್ತವೆ. ಕಡ್ಡಿಯಂಥ ಸ್ಟೈಲಸ್‌ನಿಂದ ಗಟ್ಟಿಯಾಗಿ ಒತ್ತಬೇಕು, ಹಗುರವಾಗಿ ಸವರಿದರೆ ನಡೆಯದು. ವೋಲ್ಟೇಜ್ ಅಲುಗಾಡುವುದರಿಂದ ಹಲವು ಸಲ ಓದಿ ಸರಾಸರಿ ತೆಗೆಯಬೇಕು. ನಿಖರತೆಗೆ ತೆತ್ತ ಬೆಲೆ ಸಮಯ.

2007ರ ಐಫೋನ್, 2010ರ ಐಪ್ಯಾಡ್ ಬಂದ ಮೇಲೆ ಒತ್ತಡ ಬೇಡದ ಕೆಪಾಸಿಟಿವ್ ಗಾಜು ರೂಢಿಯಾಯಿತು. ಗಾಜು ಎಲ್ಲರಿಗೂ ಒಂದೇ ಆದಾಗ ವ್ಯತ್ಯಾಸ ಉಳಿದದ್ದು ಸಾಫ್ಟ್‌ವೇರ್‌ನಲ್ಲಿ. ಐಒಎಸ್‌ನಲ್ಲಿ ಪರದೆಯ ಪದರಗಳನ್ನು ಜೋಡಿಸುವ ಕೆಲಸವನ್ನು ಆಪ್‌ನಿಂದ ಬೇರೆಯಾದ ಪ್ರಕ್ರಿಯೆಯೊಂದು ನೋಡಿಕೊಳ್ಳುತ್ತದೆ. ಆಂಡ್ರಾಯ್ಡ್ ಬಗ್ಗೆ ತಿಳಿಯಲು 2011ರ ಒಂದು ಜೋಡಿ ಸಾಕು. ಬೆಂಗಳೂರಿನ ನೋಷನ್ ಇಂಕ್‌ನ ‘ಆಡಮ್’ ಮತ್ತು ಮೊಟೊರೊಲಾದ ‘ಜೂಮ್’, ಎರಡರಲ್ಲೂ ಇದ್ದದ್ದು ಟೆಗ್ರಾ 2 ಚಿಪ್. ಆದರೆ ಆಡಮ್ ಬಂದದ್ದು ಫೋನಿಗೆಂದು ಮಾಡಿದ ಹಳೆಯ ಆಂಡ್ರಾಯ್ಡ್‌ನ ಮೇಲೆ, ಜೂಮ್ ಬಂದದ್ದು ಟ್ಯಾಬ್ಲೆಟ್‌ಗೆಂದೇ ಮಾಡಿದ 3.0 ಆವೃತ್ತಿಯಲ್ಲಿ. ಆಪ್‌ನೊಳಗಿನ ಚಿತ್ರರಚನೆಯನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಏರ್ಪಾಡು ಬಂದದ್ದೇ 3.0ರಲ್ಲಿ. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಆ ಹೊರೆಯೆಲ್ಲ ಪ್ರೊಸೆಸರ್‌ನದೇ.

2012ರ ಆಂಡ್ರಾಯ್ಡ್ 4.1ರ ‘ಪ್ರಾಜೆಕ್ಟ್ ಬಟರ್’ ಸೆಕೆಂಡಿಗೆ 60 ಚೌಕಟ್ಟುಗಳ ಲಯವನ್ನು ಗುರಿಯಾಗಿಟ್ಟುಕೊಂಡಿತು, ಬೆರಳು ತಾಕಿದೊಡನೆ ಪ್ರೊಸೆಸರ್‌ನ ವೇಗ ಏರಿಸಿತು. ಇಲ್ಲೊಂದು ಗೊಂದಲ ಸಾಮಾನ್ಯ: ನುಣುಪು ಬೇರೆ, ಚುರುಕು ಬೇರೆ. ಬಟರ್‌ನಲ್ಲಿ ಚೌಕಟ್ಟುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೂರು ಬಫರ್‌ಗಳ ವ್ಯವಸ್ಥೆ ಚಲನೆಯನ್ನು ನುಣುಪಾಗಿಸುತ್ತದೆ ನಿಜ, ಆದರೆ ಮೂರನೆಯ ಬಫರ್ ಬಳಕೆಗೆ ಬಂದಾಗ ವಿಳಂಬ ಒಂದು ಚೌಕಟ್ಟಿನಷ್ಟು, ಅಂದರೆ ಸುಮಾರು 17 ಮಿಲಿಸೆಕೆಂಡ್, ಹೆಚ್ಚಬಹುದು. ಅದೇ ವರ್ಷ ಮೈಕ್ರೋಸಾಫ್ಟ್ ಸಂಶೋಧಕರು 1 ಮಿಲಿಸೆಕೆಂಡ್ ವಿಳಂಬದ ಪ್ರಯೋಗಪರದೆಯನ್ನು ತೋರಿಸಿದರು. ಅಂಗಡಿಯ ಸಾಧನಗಳು ಆಗ 100ರ ಆಸುಪಾಸಿನಲ್ಲಿದ್ದವು.

2019ರಲ್ಲಿ ಐಪ್ಯಾಡ್‌ಒಎಸ್ ಬಂದಾಗ ತನ್ನ ಸ್ಟೈಲಸ್ ‘ಪೆನ್ಸಿಲ್’ನ ವಿಳಂಬ 20ರಿಂದ 9 ಮಿಲಿಸೆಕೆಂಡಿಗೆ ಇಳಿಯಿತು ಎಂದು ಆ್ಯಪಲ್ ಪ್ರಕಟಿಸಿತು. ಇಂಥ ಅಂಕಿಗಳ ಹಿಂದೆ ಊಹೆಯ ಪಾಲೂ ಇರುತ್ತದೆ. ಮೊನೆ ಮುಂದೆ ಎಲ್ಲಿಗೆ ಹೋದೀತೆಂದು ಲೆಕ್ಕ ಹಾಕಿ ಗೆರೆಯ ತುದಿಯನ್ನು ಮೊದಲೇ ಎಳೆಯಲಾಗುತ್ತದೆ. ಕೈ ಬೇರೆ ಕಡೆ ತಿರುಗಿದರೆ, ನಿಜವಾದ ಬಿಂದು ದೊರೆತೊಡನೆ ಆ ಚೂರನ್ನು ಅಳಿಸಿ ಹೊಸದಾಗಿ ಬರೆಯಲಾಗುತ್ತದೆ.