ಎರಡು ಎಮ್ಮಿಗನೂರುಗಳ ನಡುವಣ ಕಾಲುವೆ

ತುಂಗಭದ್ರೆಯ ಬಲದಂಡೆ ಕೆಳಮಟ್ಟದ ಕಾಲುವೆಯ ಸೀಮೆಯಲ್ಲಿ ಎಮ್ಮಿಗನೂರೆಂಬ ಊರುಗಳು ಎರಡುಂಟು. ಒಂದು ಕಂಪ್ಲಿಗೆ ಸಮೀಪದಲ್ಲಿದೆ. ಮತ್ತೊಂದು ಕರ್ನೂಲು ಜಿಲ್ಲೆಯಲ್ಲಿ, ಆದವಾನಿಯ ಆಚೆಗಿದೆ. ಮೊದಲು ಎರಡೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸಂದವು. ಅದೇ ವರ್ಷದ ಜುಲೈಯಲ್ಲಿ ಜಲಾಶಯದಿಂದ ಮೊದಲ ಬಾರಿಗೆ ನೀರನ್ನು ಬಿಡಲಾಗಿತ್ತು. ಹೀಗೆ ಈ ನಾಡಿಗೆ ಹೊಸ ನೀರೂ ಹೊಸ ಗಡಿಯೂ ಒಂದೇ ವರ್ಷದಲ್ಲಿ ಬಂದುವು. ಇವೆರಡರ ಸಂಬಂಧವು ವಿಚಾರಾರ್ಹವಾದುದು.

ನೀರನ್ನು ನಡೆಸುವ ವಿದ್ಯೆ ಇಲ್ಲಿ ಹೊಸದಲ್ಲ. 1388ರ ಶಾಸನವೊಂದು, ಹೆನ್ನೆಯ ನೀರನ್ನು ಪೆನುಗೊಂಡೆಗೆ ತರುವಂತೆ ಪ್ರತಾಪ ಬುಕ್ಕರಾಯನು ಜಲಸೂತ್ರದ ಸಿಂಗಾಯಭಟ್ಟನಿಗೆ ಆಜ್ಞಾಪಿಸಿದುದನ್ನು ತಿಳಿಸುತ್ತದೆ. ಹಂಪೆ, ಕಂಪ್ಲಿಗಳ ವಿಜಯನಗರ ಕಾಲುವೆಗಳಿಗೆ ನೀರನ್ನು ತಿರುಗಿಸಿದುವು ತಗ್ಗಾದ ಕಲ್ಲಿನ ಅಣೆಕಟ್ಟುಗಳು. ಹೊಳೆ ಉಬ್ಬಿದಾಗ ಹೆಚ್ಚಿನ ನೀರು ಅವುಗಳ ಮೇಲೆ ಹಾಯ್ದುಹೋಗುತ್ತಿದ್ದಿತು. ಮಟ್ಟವನ್ನು ಕಾಯುವ ಕೆಲಸವನ್ನು ಬಹುಮಟ್ಟಿಗೆ ಕಟ್ಟೆಯ ಎತ್ತರವೇ ಮಾಡುತ್ತಿದ್ದಿತು. 33 ಗೇಟುಗಳ ಹೊಸ ಅಣೆಕಟ್ಟಿನಲ್ಲಾದರೋ ಎಷ್ಟು ನೀರು ಬಿಡಬೇಕೆಂಬುದು ಮನುಷ್ಯನ ನಿರ್ಣಯವಾಯಿತು.

ಈ ನಿರ್ಣಯದ ಮಿತಿಯನ್ನು ಗಣಿತವು ತೋರಿಸುತ್ತದೆ. ತೆರೆದ ಕಾಲುವೆಯ ಹರಿವನ್ನು ಫ್ರಾನ್ಸಿನ ಸೇಂಟ್ ವೆನಾನನು 1871ರಲ್ಲಿ ಎರಡು ಸಮೀಕರಣಗಳಲ್ಲಿ ಅಡಕಗೊಳಿಸಿದನು: ಒಂದು ನೀರಿನ ಲೆಕ್ಕ, ಮತ್ತೊಂದು ಅದರ ಚಲನೆಯ ಲೆಕ್ಕ. ಮಂದವಾದ ಹರಿವಿನಲ್ಲಿ ಪ್ರತಿಯೊಂದು ಬದಲಾವಣೆಯೂ ಎರಡು ಅಲೆಗಳಾಗಿ, ಒಂದು ಕೆಳಕ್ಕೂ ಒಂದು ಮೇಲಕ್ಕೂ ಸಾಗುತ್ತದೆ. ಎರಡೂವರೆ ಮೀಟರು ಆಳದ ನಿಂತ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5 ಮೀಟರು. ತಲೆಯಲ್ಲಿ ಗೇಟನ್ನು ಎತ್ತಿದ ಪರಿಣಾಮ ದೂರದ ಕೊನೆಯನ್ನು ಮುಟ್ಟಲು ಎಷ್ಟೋ ತಾಸುಗಳು ಬೇಕು. ಕೈಯಿಡಲು ಎಡೆಯಿರುವುದು ತುದಿಗಳಲ್ಲಿ, ಎಂದರೆ ಗೇಟುಗಳಲ್ಲಿ, ಮಾತ್ರ. ಆಯಾ ಗೇಟಿನ ಬಳಿ ಅಳೆದ ಮಟ್ಟಕ್ಕೆ ತಕ್ಕಂತೆ ಅದನ್ನು ಎತ್ತಿಳಿಸುವ ನಿಯಮ ಸರಿಯಾಗಿದ್ದರೆ, ನಡುವಣ ಏರಿಳಿತಗಳೆಲ್ಲ ತಾವಾಗಿ ಶಮನವಾಗುವುವೆಂದು ಕೊರೋನ್, ಬಾಸ್ಟಿನ್ ಮೊದಲಾದ ಗಣಿತಜ್ಞರು 1999ರಿಂದೀಚೆಗೆ ಸಾಧಿಸಿ ತೋರಿಸಿದ್ದಾರೆ.

ಆದರೆ ನಡುವೆ ಎಷ್ಟು ನೀರು ಹೊರಹೋಗುತ್ತದೆಂಬುದು ಗೊತ್ತಿರಬೇಕು. ನಮ್ಮ ಕಾಲುವೆಯಲ್ಲಿ ಎಡವಟ್ಟಾದುದು ಇಲ್ಲಿಯೇ. ಯೋಜನೆಯು ಮುಖ್ಯವಾಗಿ ಅಲ್ಪ ನೀರಿನ ಬೆಳೆಗಳನ್ನು ಉದ್ದೇಶಿಸಿತ್ತು. ಮೇಲ್ಭಾಗದಲ್ಲಿ ಬತ್ತ ಹಬ್ಬಿತು. ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಈ ಕಾಲುವೆಯಲ್ಲಿ ಆಂಧ್ರಕ್ಕೆ 2950 ಕೋಟಿ ಘನ ಅಡಿ ನೀರನ್ನು ಗೊತ್ತುಪಡಿಸಿತು. ಆ ಪಾಲು ಪೂರ್ತಿಯಾಗಿ ತಲುಪುತ್ತಿಲ್ಲವೆಂಬ ದೂರು ಕೊನೆಯ ಭಾಗದವರದು. ಇದನ್ನು ಮೇಲಿನವರ ದುರಾಸೆಯೆಂದಷ್ಟೇ ಹೇಳಿ ಮುಗಿಸುವುದು ಇತಿಹಾಸಕಾರನಿಗೆ ಸಲ್ಲದು. ವಿಜಯನಗರ ಕಾಲುವೆಗಳ ಕೆಳಗೆ ತಲೆತಲಾಂತರದಿಂದ ಬತ್ತವನ್ನು ಕಂಡ ಸೀಮೆಯ ಪಕ್ಕದಲ್ಲಿಯೇ, ಬಹುತೇಕ ಹೊಲಗಳಲ್ಲಿ ಬತ್ತ ಬೆಳೆಯಕೂಡದೆಂಬ ನಿಯಮದೊಡನೆ ಹೊಸ ಕಾಲುವೆ ಬಂದಿತು. ಹಳೆಯ ರೂಢಿಯನ್ನು ಹೊಸ ಲೆಕ್ಕವು ಗಣಿಸಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಒಂದು ತುದಿ ಕೈತಪ್ಪಿದರೆ ಏನಾಗುವುದೆಂಬುದನ್ನು ಎಲ್ಲರೂ ಕಂಡರು. ಒಂದು ವಾರದೊಳಗೆ ಅದನ್ನು ಮುಚ್ಚಲಾಯಿತು. ನಡುದಾರಿಯ ಸೋರಿಕೆ ಹೀಗೆ ಒಂದು ರಾತ್ರಿಯಲ್ಲಿ ಕಣ್ಣಿಗೆ ಬೀಳುವುದಲ್ಲ, ಒಂದು ವಾರದಲ್ಲಿ ಮುಚ್ಚುವುದೂ ಅಲ್ಲ. ತಲೆಯ ಗೇಟಿನ ಅಳತೆಯೊಡನೆ ನಡುವಣ ಹೊಲಗಳ ಬೆಳೆಯ ಲೆಕ್ಕವನ್ನೂ ಕೂಡಿ ಓದಿದಲ್ಲದೆ, ಒಂದು ಎಮ್ಮಿಗನೂರಿನ ನೀರು ಮತ್ತೊಂದು ಎಮ್ಮಿಗನೂರಿಗೆ ನ್ಯಾಯವಾಗಿ ಸಲ್ಲಲಾರದು.