ಮಹಾಮಾರಿಯ ಕಾಲದಲ್ಲಿ ಧರ್ಮಸಭೆ: ಮಿಲಾನ್ ನಗರದ ಎರಡು ಪಾಠಗಳು

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ದೇವಾಲಯಗಳೆಲ್ಲ ಮುಚ್ಚಲ್ಪಟ್ಟು, ಪವಿತ್ರ ವಾರದ ಆಚರಣೆಗಳನ್ನು ಭಕ್ತಜನರಿಲ್ಲದೆ ನೆರವೇರಿಸಬೇಕಾಯಿತು. ಆಗ ಹಿರಿಯ ವಿಶ್ವಾಸಿಯೊಬ್ಬರು ಕಣ್ಣೀರು ತುಂಬಿಕೊಂಡು, "ಸ್ವಾಮಿಗಳೇ, ಪ್ಲೇಗಿನ ಕಾಲದಲ್ಲಿ ಪೂರ್ವಿಕರು ಮೆರವಣಿಗೆ ಹೊರಟು ದೇವರ ಮೊರೆಹೊಕ್ಕರಲ್ಲವೆ? ನಾವೇಕೆ ಬಾಗಿಲು ಹಾಕಿಕೊಂಡೆವು?" ಎಂದು ನನ್ನನ್ನು ಕೇಳಿದರು. ಅಂದು ನಾನಿತ್ತ ಉತ್ತರ ನನಗೇ ತೃಪ್ತಿ ತರಲಿಲ್ಲ. ಧರ್ಮಸಭೆಯ ಚರಿತ್ರೆಯಲ್ಲಿಯೇ ಅದಕ್ಕೆ ಉತ್ತರವನ್ನು ಅರಸುವುದು ಈ ಶತಮಾನೋತ್ಸವದ ಸಂದರ್ಭದಲ್ಲಿ ಉಚಿತವೆಂದು ಭಾವಿಸುತ್ತೇನೆ.

1576ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ತಗಲಿತು. ರಾಜ್ಯಪಾಲನು ನಗರವನ್ನು ಬಿಟ್ಟು ಹೊರಟನು. ಮಹಾಧರ್ಮಾಧ್ಯಕ್ಷರಾದ ಸಂತ ಚಾರ್ಲ್ಸ್ ಬೊರೋಮಿಯೊ ಅಲ್ಲಿಯೇ ಉಳಿದರು. ತಮ್ಮ ನಿವಾಸದ ಪರದೆಗಳನ್ನು ಸಹ ಬಡವರ ಉಡುಪಿಗಾಗಿ ಕೊಟ್ಟುಬಿಟ್ಟರು. ಅಕ್ಟೋಬರಿನಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು, ಬರಿಗಾಲಿನಲ್ಲಿ, ಪವಿತ್ರ ಮೊಳೆಯನ್ನಿರಿಸಿದ ಶಿಲುಬೆಯನ್ನು ಹೊತ್ತು ಮೆರವಣಿಗೆ ನಡೆಸಿದರು. ಜನ ಗುಂಪುಗೂಡಿದರೆ ಸೋಂಕು ಹರಡೀತೆಂಬುದು ನಗರದ ಅಧಿಕಾರಿಗಳ ಆಕ್ಷೇಪಣೆ. ಬಹಿರಂಗ ಪ್ರಾಯಶ್ಚಿತ್ತವಿಲ್ಲದೆ ಪರಿಹಾರವಿಲ್ಲವೆಂಬುದು ಧರ್ಮಾಧ್ಯಕ್ಷರ ವಾದ. ಸಂತರಾದ ಮಾತ್ರಕ್ಕೆ ಈ ವಾದವನ್ನು ಪ್ರಶ್ನಿಸಬಾರದೆಂದೇನೂ ಇಲ್ಲ. ಅಧಿಕಾರಿಗಳ ಭಯವು ನಿರಾಧಾರವಾಗಿರಲಿಲ್ಲ.

ಅದೇ ತಿಂಗಳ ಅಂತ್ಯದಲ್ಲಿ ಜನರೆಲ್ಲ ಮನೆಗಳಲ್ಲಿಯೇ ಇರಬೇಕೆಂದು ಆಜ್ಞೆ ಹೊರಟಿತು. ಆಗ ಧರ್ಮಾಧ್ಯಕ್ಷರು ಮಾಡಿದ ಕಾರ್ಯವೇ ನಮಗೆ ಮುಖ್ಯವಾದುದು. ಬೀದಿಗಳು ಕೂಡುವೆಡೆಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿ, ಜನರು ತಮ್ಮ ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಪಾಲುಗೊಳ್ಳುವಂತೆ ಏರ್ಪಡಿಸಿದರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸಿದಾಗ ಮನೆಮನೆಯಿಂದಲೂ ಪ್ರಾರ್ಥನೆ ಕೇಳಿಬರುತ್ತಿತ್ತು. ಗುರುಗಳು ಹೊಸ್ತಿಲ ಬಳಿ ನಿಂತು ಪಾಪನಿವೇದನೆಯನ್ನು ಆಲಿಸಿದರು. ಸುಮಾರು 17,000 ಜನ ಮಡಿದರೂ, ತಮ್ಮನ್ನು ಧರ್ಮಸಭೆ ಕೈಬಿಟ್ಟಿತೆಂಬ ಭಾವನೆಗೆ ಜನರಲ್ಲಿ ಎಡೆಯಿರಲಿಲ್ಲ.

1630ರಲ್ಲಿ ಅದೇ ನಗರದಲ್ಲಿ ಮತ್ತೆ ಪ್ಲೇಗು. ಸಂತ ಚಾರ್ಲ್ಸರ ಬಂಧುಗಳಾದ ಫೆದೆರಿಗೊ ಬೊರೋಮಿಯೊ ಆಗ ಮಹಾಧರ್ಮಾಧ್ಯಕ್ಷರು. ಎಚ್ಚರಿಕೆ ನೀಡಿದ ವೃದ್ಧ ವೈದ್ಯ ಲೊದೊವಿಕೊ ಸೆತ್ತಾಲರ ಮೇಲೆ ಜನರೇ ಮುಗಿಬಿದ್ದರು. ಸಂತರ ದೇಹಾವಶೇಷದ ಮೆರವಣಿಗೆಯಾಗಬೇಕೆಂದು ನಗರದ ಮುಖಂಡರು ಕೋರಿದಾಗ ಧರ್ಮಾಧ್ಯಕ್ಷರು ಮೊದಲು ನಿರಾಕರಿಸಿದರು. ಪುನಃ ಒತ್ತಾಯ ಬಂದಾಗ ಮಣಿದರು. ಜೂನ್ 11ರಂದು ಮೆರವಣಿಗೆ ನಡೆಯಿತು. ಅದರ ಬೆನ್ನಲ್ಲೇ ಸಾವಿನ ಸಂಖ್ಯೆ ವಿಪರೀತವಾಗಿ ಏರಿತು. ಜನಸಂದಣಿಯೇ ಕಾರಣವಿರಬಹುದೆಂದು ಯೋಚಿಸುವ ಬದಲು, ಯಾರೋ ಗೋಡೆಗಳಿಗೆ ವಿಷದ ಲೇಪ ಹಚ್ಚುತ್ತಿದ್ದಾರೆಂಬ ವದಂತಿಯನ್ನು ನಂಬಿದರು. ಆ ಆಗಸ್ಟ್ 1ರಂದು ನಿರಪರಾಧಿಗಳಾದ ಪಿಯಾತ್ಸ, ಮೋರ ಎಂಬಿಬ್ಬರನ್ನು ಚಿತ್ರಹಿಂಸೆಗೆ ಗುರಿಮಾಡಿ ಕೊಂದರು.

ಪ್ಲೇಗಿನ ರೋಗಾಣು ಪತ್ತೆಯಾದುದು 1894ರಲ್ಲಿ. ಇಲಿಯ ಚಿಗಟದಿಂದ ಅದು ಹರಡುವುದೆಂಬುದನ್ನು ಫ್ರೆಂಚ್ ವೈದ್ಯ ಸಿಮೋಂ ಅಂದು ಭಾರತಕ್ಕೇ ಸೇರಿದ್ದ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಆ ಅರಿವಿಲ್ಲದ ಪೂರ್ವಿಕರನ್ನು ನಾವು ಹಳಿಯಲಾಗದು. ಆದರೆ ಅರಿವು ದೊರೆತ ಮೇಲೂ ಅದನ್ನು ಲೆಕ್ಕಿಸದೆ ನಡೆಯುವುದು ಭಕ್ತಿಯಲ್ಲ, ದೇವರನ್ನು ಪರೀಕ್ಷಿಸುವುದಾಗುತ್ತದೆ.

1522ರ ಪ್ಲೇಗಿನಲ್ಲಿ ರೋಮ್ ನಗರದ ಬೀದಿಗಳಲ್ಲಿ ಜನಸ್ತೋಮದೊಡನೆ ಸಾಗಿದ ಸಂತ ಮಾರ್ಚೆಲ್ಲೊ ದೇವಾಲಯದ ಶಿಲುಬೆಯನ್ನು 2020ರ ಮಾರ್ಚ್ 27ರಂದು ಸಂತ ಪೇತ್ರರ ಚೌಕಕ್ಕೆ ತರಲಾಯಿತು. ಜನರಿಲ್ಲದ ಆ ಚೌಕದಲ್ಲಿ, ಸುರಿವ ಮಳೆಯಲ್ಲಿ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಲೋಕಕ್ಕಾಗಿ ಪ್ರಾರ್ಥಿಸಿದರು. ಶಿಲುಬೆ ಅದೇ, ಮೊರೆಯೂ ಅದೇ. ಗುಂಪು ಮಾತ್ರ ಇರಲಿಲ್ಲ.

ಆ ಹಿರಿಯರಿಗೆ ಇಂದು ನಾನು ಹೇಳಬಯಸುವುದಿಷ್ಟೆ: ಬಾಗಿಲು ಹಾಕಿದ್ದು ತಪ್ಪಲ್ಲ, ಬಾಗಿಲು ಹಾಕಿ, ಕಿಟಕಿಯ ಬಳಿಗೂ ಹೋಗದಿದ್ದರೆ ತಪ್ಪು. ಆ ದಿನಗಳಲ್ಲಿ ನಾನು ದೂರವಾಣಿಯಲ್ಲಿಯೂ ವಿಚಾರಿಸದೆ ಬಿಟ್ಟ ಮನೆಗಳಿದ್ದವು. ಅವರ ಕ್ಷಮೆಯನ್ನು ಈ ಪುಟದಲ್ಲಿ ಕೋರುತ್ತೇನೆ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರಕ್ಕೆ ಮತ್ತೆ ಅಂಥ ಕಾಲ ಬಂದಲ್ಲಿ, ವಿವೇಕವು ಬಾಗಿಲನ್ನು ಕಾಯಲಿ, ಪ್ರೀತಿಯು ಬೀದಿಗಿಳಿಯಲಿ.